ಟ್ಯಾಂಕಿಗೆ ಎಷ್ಟು ಮುಚ್ಚಳ?

ರಿಪೇರಿಯವನು ಪಂಪಿನ ನಾಝಲ್ ಬಿಚ್ಚಿ, ಒಳಗಿನ ಬಿಲ್ಲೆಯನ್ನು ಬನಿಯನ್ನಿಗೆ ಒರೆಸಿ ನನ್ನ ಅಂಗೈಯಲ್ಲಿಟ್ಟ. ಹಳೆಯ ನಾಲ್ಕಾಣೆಯಷ್ಟಿತ್ತು. "ಬೆಳಕಿಗೆ ಹಿಡಿದು ನೋಡ್ರಿ ಸರ" ಅಂದ. ಹಿಡಿದೆ. ನಡುವಿನ ತೂತು ದುಂಡಗಿರಲಿಲ್ಲ; ಹಳೇ ಅಂಗಿಯ ಕಾಜದ ಹಾಗೆ ಒಂದು ಕಡೆಗೆ ಹರಿದುಕೊಂಡಿತ್ತು. ಡಬ್ಬಿಯಿಂದ ಹೊಸದೊಂದು ತೆಗೆದು ಪಕ್ಕಕ್ಕಿಟ್ಟ. ಅದರ ತೂತು ದಬ್ಬಣದ ಮೊನೆಯಷ್ಟು.

"ಜಾಲಿಮುಳ್ಳು ಆಡಿಸ್ಯಾರ್ರಿ. ಇದು ಎಣ್ಣಿ ಹೊಡಿಯಾಂಗಿಲ್ಲ, ಸುರೀತೈತಿ."

ಎಣ್ಣಿ ಅಂದರೆ ನಮ್ಮ ಕಡೆ ಬರೀ ಒಗ್ಗರಣೆಯದಲ್ಲ, ಹುಳಕ್ಕೆ ಹೊಡೆಯುವುದೂ ಎಣ್ಣಿಯೇ. ಕಾಲುವೆ ಸೀಮೆಯ ಕ್ಯಾಂಪುಗಳಲ್ಲಿ ನೆಲೆಸಿರುವ ತೆಲುಗು ರೈತರು ಮಂದು ಅನ್ನುತ್ತಾರೆ. ಇಲಾಖೆಯವರು ಪೀಡೆನಾಶಕ ಎಂದು ಬರೆಯುತ್ತಾರೆ, ಅಂಗಡಿಯವರು ಔಷಧ ಅನ್ನುತ್ತಾರೆ. ಇಷ್ಟು ಹೆಸರುಗಳಲ್ಲಿ ವಿಷ ಅನ್ನುವುದೊಂದು ಮಾತ್ರ ಇಲ್ಲ.

ಆ ಬಿಲ್ಲೆ ನನ್ನ ಕೈಗೆ ಬರುವ ಹೊತ್ತಿಗೆ ಆಗಬಾರದ್ದು ಆಗಿ ಹನ್ನೆರಡು ದಿನ ಕಳೆದಿತ್ತು.

ನಾನು ಮಸ್ಕಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಸಿಂಧನೂರು ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಿದ್ದರೆ ಬಿತ್ತು ಎನ್ನುವಂಥ ಕೊನೆಭಾಗದಲ್ಲಿ, ಹೆಂಡತಿಯ ತವರಿನಿಂದ ಬಂದ ನಾಲ್ಕು ಎಕರೆ ಗದ್ದೆ ಇದೆ. ಸೋನಾ ಮಸೂರಿ ಹಚ್ಚುತ್ತೇವೆ. ಆ ಸಲ ತೆನೆ ಹಾಲು ತುಂಬುವ ಹೊತ್ತಿಗೆ ಗದ್ದೆಯ ನಡುವೆ ಅಲ್ಲಲ್ಲಿ ದುಂಡಗೆ, ಚಾಪೆ ಹಾಸಿದಷ್ಟಗಲ ಪೈರು ಒಣಗಿ ಕಂದಾಯಿತು. ಕಂದು ಜಿಗಿಹುಳು. ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗುಂಪು ಗುಂಪಾಗಿ ಕೂತು ರಸ ಹೀರುತ್ತದೆ. ಮೇಲೆ ನಿಂತು ನೋಡಿದರೆ ಹಸಿರೇ ಹಸಿರು. ಪೈರನ್ನು ಎರಡು ಕೈಯಿಂದ ಸೀಳಿ ಬಗ್ಗಿ ನೋಡಿದವರಿಗಷ್ಟೇ ಕಾಣುತ್ತದೆ. ನಾನು ಬಗ್ಗಿ ನೋಡಿದ್ದು ಒಣಗಿದ ಮೇಲೆ. ಯೂರಿಯಾ ಹೆಚ್ಚಾಗಿ ಬಿದ್ದ ಗದ್ದೆಯೆಂದರೆ ಈ ಹುಳಕ್ಕೆ ಹಬ್ಬ ಎಂಬುದು ಗೊತ್ತಿದ್ದೂ, ಪಕ್ಕದ ಗದ್ದೆಯ ಕಡುಹಸಿರು ನೋಡಿ ಇನ್ನೊಂದು ಚೀಲ ಎರಚಿಸಿದವನೂ ನಾನೇ.

ಎಣ್ಣಿ ಹೊಡೆಯಲು ಬರುತ್ತಿದ್ದವನು ಲಿಂಗಸುಗೂರು ತಾಲೂಕಿನ ಒಂದು ತಾಂಡಾದ ಹುಡುಗ. ಹುಡುಗ ಅಂತ ನಾನು ಕರೆಯುವುದು, ಮೂವತ್ತು ದಾಟಿದೆ, ಎರಡು ಮಕ್ಕಳ ತಂದೆ. ನಾಟಿಯಿಂದ ಕೊಯ್ಲಿನವರೆಗೆ ಸಿಂಧನೂರು ಕಡೆಯೇ ಇರುತ್ತಾನೆ. ಹದಿನಾರು ಲೀಟರಿನ ಬ್ಯಾಟರಿ ಪಂಪು ನನ್ನದು, ಬೆನ್ನು ಅವನದು, ಕೂಲಿ ಟ್ಯಾಂಕಿನ ಲೆಕ್ಕ. ದಿನಗೂಲಿ ಅಂದರೆ ನಿಧಾನ ಮಾಡುತ್ತಾರೆ ಅಂತ ನಮ್ಮ ಕಡೆ ರೈತರು ಟ್ಯಾಂಕಿಗೆ ಇಷ್ಟು ಅಂತ ಗೊತ್ತು ಮಾಡುತ್ತಾರೆ. ಈ ಲೆಕ್ಕ ಮುಂದೆ ಬರುತ್ತದೆ, ನೆನಪಿಟ್ಟಿರಿ.

ಮೊದಲ ಸಲ ಅಂಗಡಿಯಿಂದ ಇಮಿಡಾಕ್ಲೋಪ್ರಿಡ್ ತಂದೆ. "ಟ್ಯಾಂಕಿಗೆ ಒಂದು ಮುಚ್ಚಳ" ಅಂದರು. ಹುಳ ಜಗ್ಗಲಿಲ್ಲ. ಐದನೇ ದಿನಕ್ಕೆ ಚಾಪೆಗಳು ಜಮಖಾನೆಗಳಾದವು. ಮತ್ತೆ ಅಂಗಡಿಗೆ ಓಡಿದೆ. ಈ ಸಲ ಮೂರು ಬಾಟಲಿ ಕೊಟ್ಟರು: ಮೊದಲಿನದೇ ಒಂದು, ಆರ್ಗನೋಫಾಸ್ಫೇಟ್ ಮತ್ತು ಪೈರೆಥ್ರಾಯ್ಡ್ ಎರಡೂ ಕೂಡಿಸಿ ತುಂಬಿದ ಜೋಡಿ ಎಣ್ಣಿ ಒಂದು, ಇನ್ನೊಂದು, ಹಸಿರು ಬರಲೆಂದು ಟಾನಿಕ್ಕು. ಮೂರನ್ನೂ ಒಂದೇ ಟ್ಯಾಂಕಿನಲ್ಲಿ ಕಲಸಲು ಹೇಳಿದರು. ಬದುವಿನ ಮೇಲೆ ನಿಂತು ಆಳಿಗೆ ನಾನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಹೋದ ಸಲ ಒಂದು ಮುಚ್ಚಳಕ್ಕ ಏನೂ ಆಗಿಲ್ಲ ತಮ್ಮಾ, ಈ ಸಲ ಎರಡು ಹಾಕು."

ಅವನು ಹಾಕಿದ. ಕಾಲುವೆಯ ರಾಡಿ ನೀರು ಕೊಡದಲ್ಲಿ ಮೊಗೆದು ಸುರಿದ. ಪಂಪಿನ ಬಾಯಿಗಿದ್ದ ಜಾಲರಿ ಎಂದೋ ಹೋಗಿತ್ತು. ಅದಿದ್ದರೆ ನೀರು ತುಂಬುವುದು ತಡ ಅಂತ ಅವನೇ ತೆಗೆದಿಟ್ಟದ್ದು, ತೆಗೆದಿಟ್ಟದ್ದನ್ನು ನಾನು ನೋಡಿದ್ದೆ. ಟ್ಯಾಂಕಿನ ಬುಡದಲ್ಲಿ ಪೈಪು ಸೇರುವ ಕಡೆ ವಾಷರು ಹೋಗಿ ಹನಿ ಹನಿಯಾಗಿ ಸೋರುತ್ತಿತ್ತು. ಬೆನ್ನು ಒದ್ದೆ. ಮಧ್ಯಾಹ್ನ ಮೂರಕ್ಕೆ ಮುಗಿಸಿ, ತಾಂಡಾದಲ್ಲಿ ಮದುವೆ ಇದೆ ಅಂತ ಅದೇ ಅಂಗಿಯಲ್ಲಿ ಬಸ್ಸು ಹತ್ತಿದ. ರಾತ್ರಿ ವಾಂತಿ, ಬಾಯಲ್ಲಿ ಜೊಲ್ಲು, ಮೈತುಂಬ ಬೆವರು. ಮದುವೆಮನೆಯಲ್ಲಿ ಕುಡಿದು ಬಿದ್ದಿದ್ದಾನೆ ಅಂದುಕೊಂಡು ಒಂದು ತಾಸು ಹಾಗೇ ಬಿಟ್ಟರಂತೆ.

ಬೆಳಿಗ್ಗೆ ಲಿಂಗಸುಗೂರಿನ ಆಸ್ಪತ್ರೆಯೊಂದಕ್ಕೆ ನಾನು ಹೋದಾಗ ಅಂಗಿ ಕಳಚಿ, ಮೈ ತೊಳೆಸಿ ಮಲಗಿಸಿದ್ದರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಅಟ್ರೋಪಿನ್ ಕೊಡುತ್ತಾ, ಎದೆಗೆ ಕಿವಿಗೊಡುತ್ತಾ, ಟಾರ್ಚ್ ಬಿಟ್ಟು ಕಣ್ಣು ನೋಡುತ್ತಾ ಕೂತಿದ್ದ ಯುವ ವೈದ್ಯರು ತಲೆಯೆತ್ತದೆ ಕೇಳಿದರು: "ಏನು ಹೊಡೆದಿದ್ದ? ಬಾಟಲಿ ತಂದೀರಾ? ಎಷ್ಟು ಕಲಸಿದ್ದ?"

ಬಾಟಲಿಗಳು ಕಾಲುವೆಯಲ್ಲಿ ತೇಲಿಹೋಗಿದ್ದವು. ಎಷ್ಟು ಕಲಸಿದ್ದ ಎಂಬುದಕ್ಕೆ ನನ್ನ ಬಳಿ ಇದ್ದ ಉತ್ತರ "ಎರಡು ಮುಚ್ಚಳ." ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಘಟಕವಿಲ್ಲದ ಸಂಖ್ಯೆ ಬರೆದ ಹುಡುಗರಿಗೆ ಸೊನ್ನೆ ಹಾಕುತ್ತಿದ್ದೆ.

ಹುಡುಗ ಉಳಿದ. ನಾಲ್ಕನೇ ದಿನ ಮನೆಗೆ ಹೋದ. ಇಷ್ಟೇ ಆಗಿದ್ದರೆ ಇದು ಬರೆಯುವಂಥ ಸಂಗತಿಯಲ್ಲ. ಎಣ್ಣಿ ಹೊಡೆಯುವ ಕಾಲದಲ್ಲಿ ಇಂಥವು ಆಗುತ್ತಲೇ ಇರುತ್ತವೆ, ಪತ್ರಿಕೆಯ ಒಳಪುಟಕ್ಕೂ ಬರುವುದಿಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಆಳೆತ್ತರ ಬೆಳೆದ ಹತ್ತಿಗೆ ಎಣ್ಣಿ ಹೊಡೆಯುತ್ತಾ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತು, ನೂರಾರು ಜನ ಆಸ್ಪತ್ರೆ ಸೇರಿದಾಗ ಮಾತ್ರ ದೇಶ ಆ ಕಡೆ ತಿರುಗಿ ನೋಡಿತು. ಅಲ್ಲಿಯೂ ಎರಡು ಮೂರು ವಿಷ ಒಟ್ಟಿಗೆ ಕಲಸುವ ರೂಢಿಯ ಮಾತು ಬಂದಿತ್ತು. ನಾನು ಆ ಸುದ್ದಿ ಓದಿ ಪಾಪ ಅಂದವನೇ. ನನ್ನನ್ನು ಕೆಣಕಿದ್ದು ಆಮೇಲೆ, ರಿಪೇರಿ ಅಂಗಡಿಯಲ್ಲಿ.

ಅಂಗಡಿಯವನ ತಮ್ಮ ಅಮಾವಾಸ್ಯೆಗೆ ಊರಿಗೆ ಬಂದವನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಬ್ಯಾಡಗಿ ಕಡೆ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜುಗಳ ಗೋಡೆಗೆ ಪಫ್ ಹೊಡೆಯುವ ಕೆಲಸ ಅವನದು. ಹೊಗೆಯ ಹಾಗೆ ಹೊರಟು ಗೋಡೆಗೆ ತಾಕಿದೊಡನೆ ಇಡ್ಲಿಯಂತೆ ಉಬ್ಬಿ ಗಟ್ಟಿಯಾಗುವ ನೊರೆ. ನಮ್ಮ ಬಿಲ್ಲೆಯ ಪಂಚಾಯಿತಿ ಕೇಳಿ ಅವನಿಗೆ ನಗು ಬಂತು.

"ನಮ್ಮದೂ ಇದೇ ರಗಳೆ ಸರ. ಎರಡು ಡ್ರಮ್ಮು. ಒಂದು ಐಸೋ, ಬೆಲ್ಲದ ಪಾಕ ಇದ್ದಂಗ ಕಂದು. ಇನ್ನೊಂದು ಪಾಲಿಯಾಲ್. ಎರಡೂ ಬ್ಯಾರೆ ಬ್ಯಾರೆ ಪೈಪಿನ್ಯಾಗ ಬರ್ತಾವ, ಗನ್ನಿನ ಬಾಯಾಗ ಕೂಡ್ತಾವ. ಒಂದಕ್ಕ ಒಂದು, ಸರಿಸಮ. ಐಸೋ ಹೆಚ್ಚಾತು, ನೊರಿ ಹಪ್ಪಳ ಆಗ್ತೈತಿ, ಉಗುರು ಹಾಕಿದ್ರ ಪುಡಿ ಉದುರ್ತೈತಿ. ಪಾಲಿಯಾಲ್ ಹೆಚ್ಚಾತು, ಹಸಿ ಮುದ್ದಿ. ಕೈಗೆ ಅಂಟ್ತೈತಿ, ಆಮ್ಯಾಲೆ ಕುಗ್ಗಿ ಗೋಡಿ ಬಿಡ್ತೈತಿ."

ಹಾಗಾದಾಗ ಏನು ಮಾಡುತ್ತೀರಿ ಅಂದೆ. ಮದ್ದಿನ ಮೇಲೆ ಯಾರೂ ಗೂಬೆ ಕೂರಿಸುವುದಿಲ್ಲವಂತೆ. ಮೊದಲು ಎರಡೂ ಕಡೆಯ ಪ್ರೆಶರ್ ಮುಳ್ಳು ನೋಡುತ್ತಾರೆ. ಒಂದು ಇಳಿದು ಒಂದು ಏರಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ಜಾಲರಿ ಬಿಚ್ಚಿ ತೊಳೆಯುತ್ತಾರೆ. ಚಳಿಗೆ ಡ್ರಮ್ಮಿನೊಳಗಿನ ದ್ರವ ಮಂದವಾಗಿ ಪಂಪಿಗೆ ಏರದೆ ಹೋಗಿದೆಯೇ ಅಂತ ಕೈಯಿಟ್ಟು ನೋಡುತ್ತಾರೆ. ಐಸೋಗೆ ಗಾಳಿಯ ತೇವ ಆಗುವುದಿಲ್ಲ, ಹರಳುಗಟ್ಟಿ ಪೈಪು ಕಟ್ಟಿಬಿಡುತ್ತದೆ. ಎಲ್ಲ ಸರಿಮಾಡಿಕೊಂಡ ಮೇಲೂ ನೇರ ಗೋಡೆಗೆ ಹೊಡೆಯುವಂತಿಲ್ಲ. ಒಂದು ರಟ್ಟಿನ ಮೇಲೆ ಹೊಡೆದು, ಉಬ್ಬುವುದನ್ನು ಕಾದು, ಚಾಕುವಿನಿಂದ ಕೊಯ್ದು ಒಳಗಿನ ಬಣ್ಣ, ತೂತು ನೋಡಿ, ಆಮೇಲೆ ಗೋಡೆ.

ಐಸೋ ಎಂಬ ಹೆಸರು ಕೇಳಿ ನನಗೆ ಭೋಪಾಲ ನೆನಪಾಯಿತು. ಅಲ್ಲಿ 1984ರ ಡಿಸೆಂಬರ್ ರಾತ್ರಿ ಹೊರಬಿದ್ದದ್ದು ಮೀಥೈಲ್ ಐಸೊಸೈನೇಟ್. ಇವರ ಡ್ರಮ್ಮಿನಲ್ಲಿರುವುದು ಅಷ್ಟು ಸುಲಭಕ್ಕೆ ಆವಿಯಾಗದ, ಅದರ ದೂರದ ದಾಯಾದಿ. ಭೋಪಾಲದ್ದು ನೊರೆಗಲ್ಲ, ಕಾರ್ಬರಿಲ್ ಎಂಬ ಹುಳದ ಎಣ್ಣಿ ತಯಾರಿಸಲು ಕೂಡಿಟ್ಟದ್ದು. ಸೇರಬಾರದ ನೀರು ಟ್ಯಾಂಕಿಗೆ ಸೇರಿತು. ಕಲಬೆರಕೆಯ ಲೆಕ್ಕ ತಪ್ಪಿದ್ದಕ್ಕೆ ಊರಿಗೆ ಊರೇ ತೆತ್ತಿತು. ಹುಳದ ಎಣ್ಣಿಗೂ ಗೋಡೆಯ ನೊರೆಗೂ ಹೀಗೊಂದು ಒಳಸಂಬಂಧವಿದೆ ಎಂಬುದು ಆ ಸ್ಟೂಲಿನ ಮೇಲಿನ ಹುಡುಗನಿಗೂ ಗೊತ್ತಿರಲಿಲ್ಲ.

ಮಸ್ಕಿಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತಾಗ ಆ ರಟ್ಟು ಕಣ್ಣಿಂದ ಹೋಗಲೊಲ್ಲದು. ನೊರೆಯಲ್ಲಿ ಅಳತೆ ತಪ್ಪಿದರೆ ನೊರೆಯೇ ಅರ್ಧ ನಿಮಿಷದಲ್ಲಿ ಹೇಳುತ್ತದೆ. ಹೊಡೆದವನ ಕಣ್ಣೆದುರೇ ಹೇಳುತ್ತದೆ. ಗದ್ದೆಯಲ್ಲಿ ಹಾಗಿಲ್ಲ. ನಾಝಲ್ ಹರಿದಿದ್ದರೂ ನೀರು ಬೀಳುತ್ತದೆ, ಎಲೆ ತೋಯುತ್ತದೆ, ವಾಸನೆ ಬರುತ್ತದೆ, ಕೆಲಸವಾಯಿತು ಅನಿಸುತ್ತದೆ. ತಪ್ಪು ಕಾಣುವುದು ವಾರದ ಮೇಲೆ, ಅದೂ ಬೇರೆ ವೇಷದಲ್ಲಿ: ಎಣ್ಣಿ ಕೆಲಸ ಮಾಡಲಿಲ್ಲ ಅಂತ. ಯಂತ್ರದ ದೋಷ ಮದ್ದಿನ ದೌರ್ಬಲ್ಯವಾಗಿ ಕಂಡರೆ ರೈತ ಮಾಡುವುದೊಂದೇ, ಮುಚ್ಚಳ ಹೆಚ್ಚಿಸುವುದು.

ಮನೆಗೆ ಬಂದವನು ಔಷಧಿ ಅಂಗಡಿಯಿಂದ ಐದು ರೂಪಾಯಿಯ ಸಿರಿಂಜು ತಂದು ಕೂತೆ. ಕೊಟ್ಟಿಗೆಯಲ್ಲಿ ಬೇರೆ ಬೇರೆ ವರ್ಷದ ಮೂರು ಬಾಟಲಿ ಸಿಕ್ಕವು. ಕೈಗವಸು ಹಾಕಿಕೊಂಡು ಮುಚ್ಚಳಗಳಿಗೆ ನೀರು ತುಂಬಿ ಅಳೆದೆ. ಒಂದರಲ್ಲಿ 5 ಮಿಲಿಲೀಟರು, ಒಂದರಲ್ಲಿ 8, ಇನ್ನೊಂದು ಅಗಲ ಬಾಯಿಯದರಲ್ಲಿ 22. ಮೂರಕ್ಕೂ ನಮ್ಮ ಊರಲ್ಲಿ ಹೆಸರು ಒಂದೇ, ಮುಚ್ಚಳ. ಆಮೇಲೆ ಡಬ್ಬಿಯೊಳಗೆ ಮಡಿಸಿಟ್ಟಿದ್ದ ಹಾಳೆಯನ್ನು ಭೂತಗನ್ನಡಿ ಹಿಡಿದು ಓದಿದೆ. ಇಮಿಡಾಕ್ಲೋಪ್ರಿಡ್ ಹೆಕ್ಟೇರಿಗೆ 100ರಿಂದ 125 ಮಿಲಿಲೀಟರು, ಅಂದರೆ ಎಕರೆಗೆ 40ರಿಂದ 50. ಟ್ಯಾಂಕಿನ ಮಾತೇ ಅಲ್ಲಿಲ್ಲ. ಅಳತೆ ನೆಲಕ್ಕೆ, ಟ್ಯಾಂಕಿಗಲ್ಲ.

ಎರಡು ನಾಝಲ್ಲನ್ನೂ ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿದೆ. ಹೊಸದು ನಿಮಿಷಕ್ಕೆ ಅರ್ಧ ಲೀಟರಿನ ಮೇಲೆ ಸ್ವಲ್ಪ. ಹಳೆಯದು ಹತ್ತಿರ ಹತ್ತಿರ ಒಂದು ಲೀಟರು. ಎಕರೆಗೆ ಎಂಟು ಟ್ಯಾಂಕು ಹಿಡಿಯುತ್ತಿದ್ದ ಗದ್ದೆ ಆ ವರ್ಷ ಹದಿನಾಲ್ಕು ಟ್ಯಾಂಕು ಯಾಕೆ ಕುಡಿಯಿತು ಎಂಬುದು ಆಗ ತಿಳಿಯಿತು. ಹದಿನಾಲ್ಕು ಟ್ಯಾಂಕಿಗೆ 8 ಮಿಲಿಲೀಟರಿನ ಒಂದೊಂದು ಮುಚ್ಚಳ ಅಂತ ಹಿಡಿದರೂ ಎಕರೆಗೆ 112. ನಾನು "ಎರಡು ಹಾಕು" ಅಂದ ಸಲ 224. ನಾಲ್ಕು ಪಟ್ಟಿಗೂ ಮೇಲೆ, ಜೋಡಿ ಎಣ್ಣಿ ಬೇರೆ.

ಇಷ್ಟಾಗಿಯೂ ಹುಳ ಸಾಯಲಿಲ್ಲ, ಅದೇ ಈ ಪ್ರಕರಣದ ವಿಕಟ. ಹರಿದ ತೂತಿನಿಂದ ಬರುವುದು ಮಂಜಲ್ಲ, ದಪ್ಪ ಹನಿ; ಮೇಲಿನ ಎಲೆಯಿಂದ ಜಾರಿ ನೀರಿಗೆ ಬೀಳುತ್ತದೆ, ಬುಡದಲ್ಲಿ ಕೂತ ಹುಳಕ್ಕೆ ತಾಕುವುದಿಲ್ಲ. ಇಮಿಡಾಕ್ಲೋಪ್ರಿಡ್ಡನ್ನು ತಾಳಿಕೊಳ್ಳುವುದನ್ನು ಏಷ್ಯಾದ ಹಲವು ಕಡೆ ಈ ಹುಳ ಎಂದೋ ಕಲಿತಿದೆ. ಪೈರೆಥ್ರಾಯ್ಡು ಸಾಯಿಸುವುದು ಹುಳವನ್ನು ತಿನ್ನುವ ಜೇಡವನ್ನು, ತಿಗಣೆಗಳನ್ನು. ಕಾವಲುಗಾರರು ಸತ್ತ ಮನೆಯಲ್ಲಿ ಕಳ್ಳನಿಗೆ ಏನಡ್ಡಿ? ಇಂಡೋನೇಷ್ಯಾ ಇದೇ ಪಾಠವನ್ನು ಅಪಾರ ಭತ್ತ ಕಳಕೊಂಡ ಮೇಲೆ ಕಲಿತು, 1986ರಲ್ಲಿ ಒಂದೇ ಆದೇಶದಲ್ಲಿ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಲ್ಲಿಸಿತು. ನಾಟಿಯಲ್ಲೇ ಎರಡು ಮೂರು ಮೀಟರಿಗೊಂದು ಗೇಣಗಲ ದಾರಿ ಬಿಟ್ಟಿದ್ದರೆ, ಗದ್ದೆಯ ನೀರು ನಾಲ್ಕು ದಿನ ಬಸಿದಿದ್ದರೆ, ನಾಝಲ್ಲನ್ನು ಬುಡಕ್ಕೆ ಹಿಡಿದಿದ್ದರೆ, ನನ್ನ ಅರ್ಧ ಗದ್ದೆಯಾದರೂ ಉಳಿಯುತ್ತಿತ್ತು.

ಇನ್ನು ಜಾಲಿಮುಳ್ಳಿನ ವಿಚಾರ. ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬ ದಿನ ಹಿಂದೆಮುಂದೆ ನೋಡಿದೆ.

ರಾಡಿ ನೀರಿಗೆ ನಾಝಲ್ ಕಟ್ಟುತ್ತದೆ, ಮುಳ್ಳಿನಿಂದ ಚುಚ್ಚಿ ಬಿಡಿಸುತ್ತಾರೆ, ಎಲ್ಲರೂ ಮಾಡುವುದು. ಕೆಲವರು ಬಾಯಿಟ್ಟು ಊದುತ್ತಾರೆ. ಆದರೆ ಕೂಲಿ ಟ್ಯಾಂಕಿನ ಲೆಕ್ಕವಾದಾಗ, ತೂತು ದೊಡ್ಡದಾದಷ್ಟೂ ಟ್ಯಾಂಕು ಬೇಗ ಖಾಲಿ. ಹದಿನಾಲ್ಕು ಟ್ಯಾಂಕು ಅಂದರೆ ಎಂಟರ ದುಡ್ಡಿನ ಮೇಲೆ ಆರರ ದುಡ್ಡು ಹೆಚ್ಚು. ಬೇಕಂತಲೇ ಮಾಡಿದನೇ? ಈ ಸಂಶಯ ಬಂದ ದಿನ ನನಗೆ ಒಂದು ಬಗೆಯ ಹಗುರ ಎನಿಸಿತು, ಅದನ್ನು ಒಪ್ಪಿಕೊಳ್ಳಬೇಕು. ಆಸ್ಪತ್ರೆಯ ಬಿಲ್ಲು ಕೊಟ್ಟವನು ನಾನು, ಮೋಸ ಹೋದವನೂ ನಾನೇ ಎನ್ನುವ ಚಿತ್ರ ಎಷ್ಟು ಹಿತವಾಗಿತ್ತೆಂದರೆ ಎರಡು ದಿನ ಅದರ ನೆರಳಲ್ಲೇ ಕೂತಿದ್ದೆ. ಗೆಳೆಯರೊಬ್ಬರಿಗೆ ಹೇಳಿಯೂಬಿಟ್ಟೆ. "ಹಂಗ ಇರ್ತಾರ ಬಿಡ್ರಿ ಅವರು" ಅಂದರು. ಆ "ಅವರು" ಕಿವಿಗೆ ಬಿದ್ದಮೇಲೆ ಹಿತ ಹೋಯಿತು.

ಅವನು ಬೇಕಂತಲೇ ತೂತು ದೊಡ್ಡದು ಮಾಡಿದ್ದರೂ, ಅಂಥ ಲೆಕ್ಕ ಇಟ್ಟವನು ಯಾರು? ವಿಷ ಎಷ್ಟು ಬೇಗ ಖಾಲಿಯಾದರೆ ಅಷ್ಟು ಕೂಲಿ ಎಂಬ ಕರಾರು ಬರೆದುಕೊಂಡವರು ನಾವು. ನಿಧಾನ ಮಾಡುತ್ತಾನೆ ಎಂಬ ಭಯಕ್ಕೆ, ನಿಧಾನವೇ ಬೇಕಾದ ಕೆಲಸವನ್ನು ಓಟದ ಪಂದ್ಯ ಮಾಡಿದೆವು. ಅಳತೆ ಬರೆದ ಹಾಳೆ ನನ್ನ ಕೊಟ್ಟಿಗೆಯಲ್ಲಿ, ಪಂಪು ಅವನ ಬೆನ್ನಿನ ಮೇಲೆ. ಹಾಳೆ ಓದಬಲ್ಲವನು ಗದ್ದೆಗಿಳಿಯಲಿಲ್ಲ, ಗದ್ದೆಗಿಳಿದವನಿಗೆ ಹಾಳೆ ಸಿಗಲಿಲ್ಲ. ಪಫ್ಪಿನ ಹುಡುಗನ ಎರಡು ಡ್ರಮ್ಮುಗಳಾದರೂ ಗನ್ನಿನ ಬಾಯಲ್ಲಿ ಕೂಡುತ್ತವೆ.

ಅಂಗಡಿಯವರನ್ನು ಬೈಯುವುದು ಸುಲಭ, ಬೈದೂ ಇದ್ದೇನೆ. ಆದರೆ ಬಾಟಲಿಯ ಮೇಲಿನ ಬಣ್ಣದ ತ್ರಿಕೋನ ನನಗೂ ಕಾಣುತ್ತಿತ್ತಲ್ಲ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಅದು ಸುಮ್ಮನೆ ಬಂದದ್ದಲ್ಲ. 1958ರಲ್ಲಿ ಕೇರಳದಲ್ಲಿ ಫಾಲಿಡಾಲ್ ಸೋಂಕಿದ ಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಶುರುವಾದ ವಿಚಾರಣೆ, ಚರ್ಚೆಗಳ ಕೊನೆಗೆ 1968ರ ಕೀಟನಾಶಕ ಕಾಯಿದೆ ಬಂತು, 1971ರಲ್ಲಿ ನಿಯಮಗಳು ಬಂದವು. ಅಷ್ಟು ಸಾವಿನ ಮೇಲೆ ಬರೆದ ಲೇಬಲ್ಲನ್ನು ನಾವು ಸಾಬೂನಿನ ಹೊದಿಕೆಯಂತೆ ಹರಿದು ಒಗೆಯುತ್ತೇವೆ. ನಮ್ಮ ಜಿಲ್ಲೆಗೆ ಅಳತೆ ಗೊತ್ತಿಲ್ಲ ಅಂತಲ್ಲ. ಅದೇ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಒಂದು ಟನ್ ಕಲ್ಲು ಅರೆದು, ಸಯನೈಡಿನಲ್ಲಿ ನೆನೆಸಿ, ಅದರಿಂದ ಕೆಲವೇ ಗ್ರಾಂ ಬಂಗಾರ ತೆಗೆಯುತ್ತಾರೆ. ಬಂಗಾರಕ್ಕೆ ಗ್ರಾಂ ಲೆಕ್ಕ, ಬೆನ್ನಿಗೆ ಮುಚ್ಚಳದ ಲೆಕ್ಕ.

ಮಸ್ಕಿಯ ಗುಡ್ಡದ ಶಾಸನದ ಬಂಡೆಯನ್ನು ಲೋಕಕ್ಕೆ ತೋರಿಸಿದ್ದೂ ಬಂಗಾರ ಹುಡುಕುತ್ತಿದ್ದವರೇ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಅದು ಸಿಕ್ಕಿತು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಪ್ರತಿವರ್ಷ ಎಂಟನೇ ತರಗತಿಯವರನ್ನು ಸಾಲಾಗಿ ಅಲ್ಲಿಗೆ ಹತ್ತಿಸಿಕೊಂಡು ಹೋಗಿ, ಕೋಲಿನಿಂದ ಅಕ್ಷರ ತೋರಿಸಿ ಅರ್ಥ ಹೇಳುತ್ತಿದ್ದೆ. ಒಳ್ಳೆಯದನ್ನು ದೊಡ್ಡವರು ಮಾತ್ರ ಸಾಧಿಸಬಲ್ಲರು ಎಂದು ತಿಳಿಯಬಾರದು, ಸಣ್ಣವರೂ ಸಾಧಿಸಬಲ್ಲರು, ಇಬ್ಬರಿಗೂ ತಿಳಿಸಿ ಹೇಳಬೇಕು ಎಂಬುದು ಅದರ ಸಾರ. "ಇಬ್ಬರಿಗೂ" ಎಂಬಲ್ಲಿ ದನಿ ಏರಿಸುತ್ತಿದ್ದೆ. ಮಕ್ಕಳ ಕಣ್ಣು ಅರಳುತ್ತಿದ್ದವು. ಆರು ವರ್ಷ ನನ್ನ ಗದ್ದೆಗೆ ಎಣ್ಣಿ ಹೊಡೆದವನಿಗೆ ಡಬ್ಬಿಯೊಳಗಿನ ಆ ಹಾಳೆಯ ಒಂದು ಸಾಲನ್ನೂ ನಾನು ಓದಿ ಹೇಳಿರಲಿಲ್ಲ.

ಮರುವರ್ಷ ಅವನು ಬಂದ. ಬರುವುದಿಲ್ಲ ಅಂದುಕೊಂಡಿದ್ದೆ. ದಿನಗೂಲಿ ಅಂತ ಮಾತಾಯಿತು. ಹೊಸ ವಾಷರು, ಹೊಸ ಬಿಲ್ಲೆ, ಬಾಯಿಗೆ ಜಾಲರಿ, ಬೋರಿನ ನೀರು. ಎಣ್ಣಿ ಮುಟ್ಟದೆ ಬರೀ ನೀರು ತುಂಬಿ, ಅಳೆದು ಗೂಟ ಹೊಡೆದ ಒಂದು ಗುಂಟೆಯಲ್ಲಿ ಅವನನ್ನು ನಡೆಸಿದೆ. ಎಷ್ಟು ನೀರು ಹೋಯಿತು ಅಂತ ಅಳೆದು ನಲವತ್ತರಿಂದ ಗುಣಿಸಿದರೆ ಎಕರೆಯ ಲೆಕ್ಕ. ಮೊದಲ ಸಲ ನನ್ನನ್ನು ನೋಡಿಕೊಂಡು ಗತ್ತಿನಿಂದ ನಡೆದ, ಲೆಕ್ಕ ತಪ್ಪಿತು. "ದಿನಾ ನಡೆದಂಗ ನಡಿ" ಅಂದೆ. ಎರಡನೇ ಸಲ ಸರಿಬಂತು. ಬದುವಿನ ಮೇಲೆ ಕೂತು ಚೀಟಿಯ ಮೇಲೆ ಬರೆದು, ಸಿರಿಂಜಿನಲ್ಲಿ ಎಷ್ಟನೇ ಗೆರೆಯವರೆಗೆ ಎಳೆಯಬೇಕು ಅಂತ ತೋರಿಸಿದೆ. ಗೆರೆಯನ್ನು ಉಗುರಿನಿಂದ ಗುರುತು ಮಾಡಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹೋದ ವರ್ಷ ಎಷ್ಟನೇ ಗೆರೀತನಕ ಆಗಿತ್ರಿ ಸರ?"

ಸಿರಿಂಜು ಹತ್ತು ಮಿಲಿಲೀಟರಿನದು. ಎರಡು ಮುಚ್ಚಳ ಹದಿನಾರು. ಒಂದು ಸಲ ಪೂರ್ತಿ ಎಳೆದು ಬಕೆಟ್ಟಿಗೆ ಬಿಟ್ಟೆ, ಮತ್ತೊಮ್ಮೆ ಆರರ ಗೆರೆಯವರೆಗೆ ಎಳೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.